ಗುಣ ಉಂಟು

"ಹೇಗುಂಟು ಗ್ರೀಷ್ಮಾ?" ಎಂದು ಆಸ್ಪತ್ರೆಯ ಕೌನ್ಸೆಲರ್ ರಿಝ್ವಾನಾ ಕೇಳಿದಾಗಲೆಲ್ಲ ಗ್ರೀಷ್ಮಾಳ ಬಾಯಿಂದ ಬರುತ್ತಿದ್ದದ್ದು ಒಂದೇ ಉತ್ತರ, "ಗುಣ ಉಂಟು ಮೇಡಂ." ಏನು ಗುಣವೋ ಮಣ್ಣಂಗಟ್ಟಿ! ಹೆರಿಗೆಯಾದಂದಿನಿಂದ ನಿದ್ದೆಯಿಲ್ಲ, ಅನ್ನ ಸೇರುವುದಿಲ್ಲ. ಮಗುವನ್ನು ಎತ್ತಿಕೊಂಡರೆ ಕೈಬಿಟ್ಟೇನೆಂಬ ಹೆದರಿಕೆ. ತಾನಿಲ್ಲದಿದ್ದರೇ ಮಗು ಚೆನ್ನಾಗಿರುತ್ತದೆ ಎಂಬ ಯೋಚನೆ ಈಗೀಗ ಹಾಡುಹಗಲಲ್ಲೇ ಬರುತ್ತಿತ್ತು. ಆದರೂ ಇಷ್ಟು ಒಳ್ಳೆಯ ಮೇಡಮಿಗೆ ಬೇಸರ ಮಾಡುವುದು ಹೇಗೆ?

ಆ ದಾಕ್ಷಿಣ್ಯ ಈಗ ಕುತ್ತಿಗೆಗೆ ಬಂದಿತ್ತು. ಗುಣವಾಯಿತಲ್ಲ ಎಂದು ಮನೆಯವರು ದಿನ ನೋಡಿಯೇಬಿಟ್ಟಿದ್ದರು. ನಾಳೆ ಉರ್ವದ ತಾಯಿಮನೆಯಿಂದ ಬಜಪೆಯ ಗಂಡನ ಮನೆಗೆ. ಗಂಡ ಶ್ರವಣ್ ಡ್ಯೂಟಿಗೆ ಹೋದರೆ ಸಂಜೆಯವರೆಗೆ ಅಲ್ಲಿ ಅವಳು ಮತ್ತು ಮಗು, ಇಬ್ಬರೇ. ಇಂದು ಹೇಳದಿದ್ದರೆ ಮುಗಿಯಿತು.

"ಹೇಗುಂಟು?"

"ಗುಣ..." ಎಂದವಳು ತಲೆ ಅಲ್ಲಾಡಿಸಿದಳು. "ಇಲ್ಲ ಮೇಡಂ. ಇಷ್ಟು ದಿನ ಹೇಳಿದ್ದೆಲ್ಲ ಸುಳ್ಳು. ಒಂದು ಚೂರೂ ಗುಣ ಇಲ್ಲ. ನಾನು ಇರುವುದೇ ಬೇಡ ಅಂತ ಆಗ್ತದೆ."

ತಲೆ ತಗ್ಗಿಸಿ ಕಾದಳು. ಅಪ್ಪ ಮೋಹನದಾಸರು ಮಗಳಿಗೆ ಮಾರ್ಕು ಕಡಿಮೆಯಾದರೆ ಬೈದವರಲ್ಲ. ವಾರಗಟ್ಟಲೆ ಮಾತು ಬಿಡುತ್ತಿದ್ದರು. ಆ ಮೌನ ಇಲ್ಲಿಗೂ ಬಂದೇ ಬರುತ್ತದೆಂದು ಅವಳಿಗೆ ಖಾತ್ರಿಯಿತ್ತು.

ರಿಝ್ವಾನಾ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. "ಸುಳ್ಳು ಯಾಕೆ ಹೇಳಿದ್ದು?"

"ನಿಮಗೆ ಬೇಜಾರಾಗ್ತದೆ ಅಂತ."

"ಬೇಜಾರಾಯ್ತು, ಇಲ್ಲ ಅಂತ ಹೇಳುವುದಿಲ್ಲ. ಆದರೆ ನೋಡಿ, ನಾನು ಎದ್ದು ಹೋಗ್ಲಿಲ್ಲ. ಅಪ್ಪನ ಬಗ್ಗೆ ನೀವು ಹೇಳಿದ್ರಲ್ಲ, ಕಷ್ಟ ಹೇಳಿದ್ರೆ ಜನ ದೂರ ಆಗ್ತಾರೆ ಅಂತ ನೀವು ಸಣ್ಣದಿರುವಾಗಲೇ ನಿಮ್ಮ ಮೆದುಳು ಕಲಿತದ್ದು. ಬೇರೆ ಕಲಿಯಲಿಕ್ಕೂ ಅದಕ್ಕೆ ಆಗ್ತದೆ, ಹೀಗೆ ಹೇಳಿ ಹೇಳಿಯೇ. ಈಗಲೇ ಡಾಕ್ಟರ ಹತ್ರ ಹೋಗುವ. ನಿಮ್ಮನ್ನು ಒಬ್ಬರನ್ನೇ ಬಿಡುವುದಿಲ್ಲ. ಅಮ್ಮನಿಗೂ ನೀವೇ ಹೇಳ್ತೀರಾ? ನಾನು ಪಕ್ಕದಲ್ಲಿ ಇರ್ತೇನೆ."

ಹೊರಗೆ ಬೆಂಚಿನ ಮೇಲೆ ಅಮ್ಮ ಕುಶಲಾ ಮಗುವನ್ನು ತೊಡೆಯಲ್ಲಿ ಮಲಗಿಸಿಕೊಂಡಿದ್ದರು. "ಗುಣ ಉಂಟಲ್ಲ ಮಗಾ? ನಾಳೆಗೆ ಬ್ಯಾಗೆಲ್ಲ ತುಂಬಿಸಿ ಆಯ್ತು."

ಹೂಂ ಎಂದರೆ ಆಯಿತು. ನಾಲಗೆ ಅದಕ್ಕೆ ತಯಾರಾಗಿಯೇ ಇತ್ತು, ದರಿದ್ರದ್ದು. ಗ್ರೀಷ್ಮಾ ರಿಝ್ವಾನಾರ ಕೈ ಹಿಡಿದುಕೊಂಡಳು.

"ಇಲ್ಲಮ್ಮ. ಬದುಕುವುದೇ ಬೇಡ ಅಂತ ಆಗ್ತದೆ. ನನ್ನನ್ನು ಕಳಿಸ್ಬೇಡ."

ಕುಶಲಾ ಮಾತಾಡಲಿಲ್ಲ. ಅದೇ ಮೌನ. ಗ್ರೀಷ್ಮಾ ರಿಝ್ವಾನಾರ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದಳು. ಹೇಳಬಾರದಿತ್ತು ಎಂದುಕೊಂಡಳು.

ಕುಶಲಾ ಮಗುವನ್ನು ಎದೆಗೆತ್ತಿಕೊಂಡು, ಬೆಂಚಿನಲ್ಲಿ ಸರಿದು ಜಾಗ ಮಾಡಿದರು.

"ಮಗು ನನ್ನ ಹತ್ರ ಇರ್ಲಿ," ಎಂದರು. "ನೀನು ಕೂತ್ಕೊಂಡು ಅಳು ಮಗಾ."