ಅತ್ತೆ ಕಳಿಸಿದ ವಿಡಿಯೊ

ತಿಂಡಿಗೆ ಮುಂಚೆ ಅತ್ತೆಗೆ ಇನ್ಸುಲಿನ್ ಕೊಡುವುದು ಸೊಸೆಯ ಕೆಲಸ. ಆವತ್ತೂ ಅತ್ತೆ ರವಿಕೆಯ ತೋಳು ಮಡಚಿ ಕೂತರು. ಇನ್ನೊಂದು ಕೈಯಲ್ಲಿ ಫೋನು.

"ನೋಡೇ ಈ ನರ್ಸಮ್ಮನ್ನ. ಖಾಲಿ ಸಿರಿಂಜು ಚುಚ್ಚಿ, ಔಷಧಿ ಹೊರಗೆ ಮಾರ್ಕೋತಾಳಂತೆ. ನಮ್ಮ ಗುಂಪಿಗೆಲ್ಲ ಕಳಿಸಿದೀನಿ. ಬಣ್ಣ ಬಯಲಾಗಲಿ."

ಸೊಸೆ ನೋಡಲಿಲ್ಲ. ಮಾಸ್ಕ್ ಹಾಕಿದ್ದ ಆ ನರ್ಸು ಅವಳೇ. ಆಸ್ಪತ್ರೆಗೆ ಹೊಸದಾಗಿ ಸೇರಿದ ಹುಡುಗಿಯರಿಗೆ ಸಹೋದ್ಯೋಗಿಯ ತೋಳಿನ ಮೇಲೆ ಖಾಲಿ ಸಿರಿಂಜಿನಲ್ಲಿ ಪಾಠ ಹೇಳುತ್ತಿದ್ದಾಗ ಯಾರೋ ಪುಣ್ಯಾತ್ಮರು ಅಷ್ಟನ್ನೇ ಕತ್ತರಿಸಿ ಹರಿಯಬಿಟ್ಟಿದ್ದರು. ಆಸ್ಪತ್ರೆಯ ಬಾಗಿಲಲ್ಲಿ ಜನ ಸೇರಿದರು. ತಣ್ಣಗಾಗುವವರೆಗೆ ಬರಬೇಡ ಎಂದರು ಮೇಲಿನವರು. ಅತ್ತೆಗೆ ರಜೆ ಎಂದಿದ್ದಳು. ಹೊರಗೆ ಹೋದರೆ ಬೀದಿ, ಒಳಗೆ ಇದ್ದರೆ ಅತ್ತೆಯ ಫೋನು, ಎಲ್ಲಿಗೂ ಹೋಗುವಂತಿರಲಿಲ್ಲ.

ವಿಷಯ ಗೊತ್ತಿದ್ದ ಗಂಡ ತಡೆಯಲಾರದೆ ಹೇಳಿದ: "ಸರ್ಕಾರ ಕಾನೂನು ತಂದು ಇಂಥ ವಿಡಿಯೊನೆಲ್ಲ ಅಳಿಸಿ ಹಾಕ್ಬೇಕಮ್ಮ."

"ಹೌದಪ್ಪ, ಅಳಿಸಲಿ. ಹೋದ ವರ್ಷ ಅವಧಿ ಮುಗಿದ ಔಷಧಿ ಹಂಚಿದ್ದನ್ನ ಮುಚ್ಚಿಟ್ಟೋರು ಯಾರು? ಅದೇ ಸರ್ಕಾರ. ಬಯಲಿಗೆ ಬಂದಿದ್ದು ಈ ಫೋನಿಂದಾನೇ."

ಅದೂ ಸುಳ್ಳಲ್ಲ. ಸೊಸೆ ಸೂಜಿ ಹಾಕಿ ಹತ್ತಿಯಿಂದ ಒತ್ತಿದಳು.

"ಅಂಥವಳು ದುಡಿದು ತಂದ ಅನ್ನ ಮನೆಯವರಿಗೆ ಹೇಗೆ ಗಂಟಲಲ್ಲಿ ಇಳಿಯುತ್ತೋ," ಎಂದರು ಅತ್ತೆ.

"ನಿಮಗೆ ಇಳೀತಾ ಇದೆಯಲ್ಲ, ಅತ್ತೆ. ಅವಳು ನಾನೇ."

ಅತ್ತೆ ಮತ್ತೆ ವಿಡಿಯೊ ಹಾಕಿದರು. ಮಾಸ್ಕಿನ ಮೇಲಿನ ಕಣ್ಣು ನೋಡಿದರು, ತಮ್ಮ ತೋಳಿನ ಮೇಲಿದ್ದ ಕೈ ನೋಡಿದರು. ಗುಂಪಿಗೆ ಕಳಿಸಿದ್ದನ್ನು ಅಳಿಸುತ್ತಾ ಹೋದರು.

"ಅಳಿಸಿದೆ ಕಣೇ."

"ನೀವು ಕಳಿಸಿದ್ದು ಅಳಿಸಿತು. ಅವರು ಮುಂದೆ ಕಳಿಸಿದ್ದು?" ಸೊಸೆಗೆ ಅಳು ತಡೆಯಲಾಗಲಿಲ್ಲ.

ಅಂದು ಅತ್ತೆ ಯಾರ ಫೋನೂ ಎತ್ತಲಿಲ್ಲ. ಮರುದಿನ ಬೆಳಿಗ್ಗೆ ತೋಳು ಮಡಚಿ ಕೂತು ಮಗನ ಕೈಗೆ ಫೋನು ಕೊಟ್ಟರು.

"ಔಷಧಿ ತುಂಬೋದರಿಂದ ಹಿಡಿದು ಪೂರ್ತಿ ತೆಗಿ. ಎಲ್ಲೂ ಕತ್ತರಿಸಬೇಡ. ದಿನಾ ನಂಗೆ ಸೂಜಿ ಹಾಕೋದು ಆ ನರ್ಸೇ ಅಂತ ಅದೇ ಗುಂಪಿಗೆ ಕಳಿಸ್ತೀನಿ."

"ಜನ ನಂಬ್ತಾರಾ ಅಮ್ಮ? ನಾಳೆ ನಿನ್ನನ್ನೇ ಬೈತಾರೆ."

"ಬೈಯಲಿ. ಕಳಿಸಿದೋಳು ನಾನು ತಾನೇ."

ಸೊಸೆ ಹಿಂಜರಿದು ನಿಂತಳು. ಅತ್ತೆ ಮೇಜಿನ ಮೇಲಿದ್ದ ಮಾಸ್ಕನ್ನು ಅವಳತ್ತ ಸರಿಸಿದರು.

"ನೀನು ಹಾಕ್ಕೋ. ಮುಖ ನಂದು ಕಾಣಲಿ."