ನಾಲ್ಕೋ ಒಂಬತ್ತೋ

ಸುಳ್ಳು ಹೇಳು ಎಂದು ಮೂರು ದಿನದಿಂದ ಎಲ್ಲರೂ ಸಾಬಣ್ಣನ ಬೆನ್ನು ಹತ್ತಿದ್ದರು.

ವನದುರ್ಗದ ಹತ್ತಿರ ಕಾಲುವೆಗೆ ಮೊದಲ ಸಲ ನೀರು ಬಿಟ್ಟ ವರ್ಷ ಅವನು ಗೇಜ್ ರೀಡರ್ ಆಗಿ ಸೇರಿದ್ದ. ಅದಾಗಿ ಹನ್ನೆರಡು ವರ್ಷ. ದಿನಾ ಬೆಳಿಗ್ಗೆ ಆರಕ್ಕೆ ಕಾಲುವೆಯ ಮೆಟ್ಟಿಲಿಳಿದು, ಗೋಡೆಗೆ ಬಡಿದ ಕಬ್ಬಿಣದ ಪಟ್ಟಿಯಲ್ಲಿ ನೀರು ಎಷ್ಟನೇ ಅಂಕಿಗೆ ನಿಂತಿದೆ ಎಂದು ನೋಡಿ ರಿಜಿಸ್ಟರಿನಲ್ಲಿ ಬರೆಯಬೇಕು. ನೀರು 1.6 ಮೀಟರ್ ದಾಟಿದರೆ ಸೈಕಲ್ ಹತ್ತಿ ಓಡಿಹೋಗಿ ಮೇಲಿನ ಗೇಟಿನವರಿಗೆ ತಿಳಿಸಬೇಕು. ಇಷ್ಟೇ ಕೆಲಸ.

ಸೋಮವಾರ ಅವನು ಬರೆದದ್ದು 1.4. ದಿನವೂ ಹೆಚ್ಚುಕಡಿಮೆ ಅಷ್ಟೇ ಇರುತ್ತಿತ್ತು. ಆದರೆ ಹಿಂದಿನ ರಾತ್ರಿ ಮೇಲಿನ ಊರುಗಳಲ್ಲಿ ಮಳೆಯಾಗಿ ರೈತರು ತಮ್ಮ ತಮ್ಮ ತೂಬು ಮುಚ್ಚಿಕೊಂಡಿದ್ದರು. ಆ ನೀರೆಲ್ಲ ಕೆಳಗೆ ಬಂದು, ಮಧ್ಯಾಹ್ನದ ಹೊತ್ತಿಗೆ ಕಾಲುವೆಯ ಏರಿ ಒಡೆಯಿತು. ಏಳೆಂಟು ಹೊಲಗಳ ಬೆಳೆ ಹೂಳಿನಡಿ ಹೋಯಿತು. ಎಲ್ಲಕ್ಕಿಂತ ಹೆಚ್ಚು ಹಾಳಾದದ್ದು ತಿಮ್ಮವ್ವನ ಎರಡೆಕರೆ ಶೇಂಗಾ.

"ಮನ್ಯಾಗ ಮಲಗಿ ನಿನ್ನೆ ಲೆಕ್ಕಾನೇ ಇವತ್ತೂ ಬರದಾನ" ಎಂದು ಊರೆಲ್ಲ ಒಂದೇ ಮಾತು.

ವಿಚಾರಣೆಗೆ ಯಾದಗಿರಿಯಿಂದ ಮಹಾದೇವಪ್ಪ ಎಂಬ ಅಧಿಕಾರಿ ಬಂದರು. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ, ಜಗಳ ಬೇಡದ ಮನುಷ್ಯ. ಕಾಲುವೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು.

"ಅವತ್ತು ಬಂದಿಲ್ಲ ಅಂತ ಬರಕೊಡಪಾ. ಮೈಯಾಗ ಆರಾಮ ಇರಲಿಲ್ಲ ಅನ್ನು. ಸಣ್ಣ ಶಿಕ್ಷೆಯೊಳಗ ಮುಗಸ್ತೀನಿ" ಎಂದರು.

"ಬಂದಿದ್ದೆ ಸಾಹೇಬ್ರ. ನೋಡೇ ಬರದೀನಿ."

"ನೋಡಿ ಒಂದು ಪಾಯಿಂಟ್ ನಾಲ್ಕು ಬರದ್ಯಾ? ಹಂಗಾದ್ರ ಬೇಕಂತಲೇ ಸುಳ್ಳು ಬರದಂಗಾತು. ನೌಕರಿ ಹೋಗ್ತದ."

"ಕಂಡಿದ್ದನ್ನ ಬರದೀನ್ರಿ."

ಸಾಕ್ಷಿ ಹೇಳಲು ಕುರಿ ಮೇಯಿಸುವ ಮಾಳಮ್ಮ ತಾನಾಗಿಯೇ ಬಂದಳು. ಸಾಬಣ್ಣನಿಗೆ ಜೀವ ಬಂದಂತಾಯಿತು.

"ಸಾಬಣ್ಣ ಬಂದಿದ್ದ್ರಿ. ನಾ ಕುರಿಗೆ ನೀರು ಕುಡಸಾಕತ್ತಿದ್ದೆ. ಪಟ್ಟಿ ಕಡಿ ನೋಡಿ ಬರಕೊಂಡು ಹೋದ" ಎಂದಳು. ಆಮೇಲೆ, ಯಾರೂ ಕೇಳದಿದ್ದರೂ, "ಆದ್ರ ಅವತ್ತು ನೀರು ಭಾಳ ಇತ್ತು. ಮ್ಯಾಲಿನ ಮೆಟ್ಟಲಕ್ಕ ಬಂದಿತ್ತು. ಅವನ ಚಪ್ಪಲಿ ತೋಯ್ದಿದ್ದವು" ಎಂದೂ ಸೇರಿಸಿದಳು.

ಮಹಾದೇವಪ್ಪ ಪೆನ್ನು ಕೆಳಗಿಟ್ಟರು. "ಚಪ್ಪಲಿ ತೋಯ್ದರೂ ತಿಳೀಲಿಲ್ಲೇನಪಾ?"

ಸಾಬಣ್ಣ ತನ್ನ ಚಪ್ಪಲಿಯತ್ತ ನೋಡಿದ. ಕಣ್ಣು ಮುಚ್ಚಿದರೆ ಆ ನಾಲ್ಕು ಈಗಲೂ ಕಪ್ಪಗೆ, ಸ್ಪಷ್ಟವಾಗಿ ಕಾಣುತ್ತಿತ್ತು.

ಸಂಜೆ ಮನೆಯಲ್ಲಿ ಹೆಂಡತಿ ಶಂಕ್ರಮ್ಮ ಶುರು ಮಾಡಿದಳು. "ಜ್ವರ ಬಂದಿತ್ತು ಅಂದುಬಿಡ್ರಿ. ಸಾಹೇಬ್ರೇ ದಾರಿ ತೋರಿಸ್ಯಾರ. ನಿಮಗೇನು ಬಂದದ ಧಾಡಿ?"

"ನಾ ಹೋಗಿದ್ದೆ ಅಂದ್ರ ಯಾರಿಗೂ ಯಾಕ ಕೇಳ್ಸವಲ್ದು?"

"ಕೇಳ್ಸತದ. ನಂಬಾಕ ಆಗವಲ್ದು."

ಮರುದಿನ ಬೆಳಕು ಹರಿಯುತ್ತಲೇ ಅವನು ಕಾಲುವೆಗೆ ಹೋದ. ಏರಿ ಕಟ್ಟುವ ಕೆಲಸಕ್ಕೆಂದು ನೀರು ನಿಲ್ಲಿಸಿದ್ದರು. ಪಟ್ಟಿ ಬುಡದವರೆಗೂ ಕಾಣುತ್ತಿತ್ತು. ಅದರ ಮುಂದೆ ಕೂತು ಒಂದೊಂದೇ ಅಂಕಿಯ ಮೇಲೆ ಬೆರಳಾಡಿಸಿದ. ಬಣ್ಣ ಎದ್ದುಹೋಗಿ, ಪಾಚಿ ಹತ್ತಿ, ಎಷ್ಟೋ ಅಂಕಿ ಅರ್ಧಂಬರ್ಧ ಉಳಿದಿದ್ದವು. ನಾಲ್ಕಕ್ಕೆ ಒಂದು ಕಾಲು, ಮೇಲೊಂದು ಗಂಟು. ಒಂಬತ್ತಕ್ಕೂ ಒಂದು ಕಾಲು, ಮೇಲೊಂದು ಗಂಟು. ಹನ್ನೆರಡು ವರ್ಷ ದಿನಾ ನೋಡಿದ ಪಟ್ಟಿ ಇಷ್ಟು ಸವೆದದ್ದು ಅವನಿಗೆ ಇವತ್ತೇ ಕಂಡದ್ದು. ತನ್ನ ಮೇಲೆ ತನಗೇ ಸಿಟ್ಟು ಬಂತು.

ಮಹಾದೇವಪ್ಪ ಶೆಡ್ಡಿಗೆ ಬರುತ್ತಿದ್ದಂತೆ ಅವರನ್ನು ಪಟ್ಟಿಯ ಹತ್ತಿರ ಹೆಚ್ಚುಕಡಿಮೆ ಎಳೆದುಕೊಂಡೇ ಬಂದ.

"ಸಾಹೇಬ್ರ, ಒಂದ ನಿಮಿಷ ಆ ಕಡಿ ಮಖ ಮಾಡ್ರಿ."

"ಏನು ಹುಡುಗಾಟಿಕಿ ಇದು?" ಎಂದು ಗೊಣಗುತ್ತ ಅವರು ತಿರುಗಿ ನಿಂತರು. ಸಾಬಣ್ಣ ತಲೆಗೆ ಸುತ್ತಿದ್ದ ಟವಲ್ ಬಿಚ್ಚಿ, ಮೇಲೂ ಕೆಳಗೂ ಪಟ್ಟಿಯನ್ನು ಮುಚ್ಚಿ ಒಂದೇ ಒಂದು ಅಂಕಿಯನ್ನು ಬಿಟ್ಟ.

"ಈಗ ನೋಡಿ ಹೇಳ್ರಿ. ಎಷ್ಟು?"

"ನಾಲ್ಕು."

"ಖರೇನ್ರಿ?"

"ನಾಲ್ಕು ಕಾಣಾಕತ್ತದಲ್ಲೋ! ಕಣ್ಣಿಲ್ಲೇನು ನನಗ?"

ಸಾಬಣ್ಣ ಟವಲ್ ತೆಗೆದ. ಮೇಲೆ ಎರಡು ಮೀಟರಿನ ಗೆರೆ, ಕೆಳಗೆ ಎಂಟು. ನಡುವೆ, ಸೋಮವಾರ ನೀರು ಮುಟ್ಟಿದ್ದ ಮೇಲಿನ ಮೆಟ್ಟಿಲಿನ ಮಟ್ಟಕ್ಕೆ, ಇದ್ದದ್ದು ಒಂಬತ್ತು. ಟವಲ್ ಸರಿದದ್ದೇ ಅದು ಒಂಬತ್ತಾಗಿಯೇ ಕಂಡಿತು; ಅದನ್ನು ನಾಲ್ಕು ಎಂದು ಹೇಗೆ ಓದಿದೆ ಎಂಬುದೇ ಮಹಾದೇವಪ್ಪನವರಿಗೆ ಹೊಳೆಯಲಿಲ್ಲ. ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಮೆಟ್ಟಿಲಿಳಿದು ಬೆರಳಿನಿಂದ ಮುಟ್ಟಿ ನೋಡಿದರು.

"ಎರಡು ದಿನದಿಂದ ನಾಲ್ಕು, ನಾಲ್ಕು ಅಂತ ನನ್ನ ತಲಿ ತಿಂದಿ. ಅದಕ್ಕ ನಾಲ್ಕು ಕಂಡದ" ಎಂದು ರೇಗಿದರು.

"ನಿಮಗ ಎರಡು ದಿನ ರೀ. ನನಗ ಹನ್ನೆರಡು ವರ್ಷ. ಕಣ್ಣು ನೋಡೂದ್ರೊಳಗ ತಲಿ ಓದಿ ಮುಗಿಸಿಬಿಟ್ಟಿರ್ತದ."

ಮಹಾದೇವಪ್ಪ ಮೆಟ್ಟಿಲ ಮೇಲೆಯೇ ಕೂತರು. "ಬಂದಿಲ್ಲ ಅಂತ ಬರಿಯೂದು ಸಲೀಸು. ನೋಡ್ಯಾನ, ಖರೇ ಹೇಳ್ಯಾನ, ಆದ್ರೂ ತಪ್ಪು ಬರದಾನ ಅಂತ ವರದ್ಯಾಗ ಹೆಂಗ ಬರೀಲೋ ಮಾರಾಯಾ? ಅದಕ್ಕ ಕಾಲಮ್ಮೇ ಇಲ್ಲ."

ಆದರೂ ಬರೆದರು. ತಿಂಗಳ ನಂತರ ಆದೇಶ ಬಂತು: ಸಾಬಣ್ಣ ಸ್ಥಳಕ್ಕೆ ಹಾಜರಿದ್ದದ್ದು ನಿಜ, ಅಳತೆ ತಪ್ಪು ಓದಿದ್ದಾನೆ, ಪಟ್ಟಿ ಹಳೆಯದು. ನೌಕರಿ ಉಳಿಯಿತು. ಕೆಂಭಾವಿ ಕಡೆಗೆ ವರ್ಗವಾಯಿತು. ಪಟ್ಟಿಗೆ ಹೊಸ ಬಣ್ಣ ಬಂತು.

ಹೊರಡುವ ಮುಂಚೆ ಅವನು ತಿಮ್ಮವ್ವನ ಹೊಲಕ್ಕೆ ಹೋದ. ಅವಳು ಒಬ್ಬಳೇ ಹೂಳು ಎತ್ತಿಹಾಕುತ್ತಿದ್ದಳು. ನಡೆದದ್ದನ್ನೆಲ್ಲ ಅವನು ಹೇಳಿದ. ಅವಳು ಸಲಿಕೆ ಊರಿ ನಿಂತು ಪೂರಾ ಕೇಳಿದಳು.

"ಮಲಗಿದ್ದೆ ಅಂದಿದ್ರ ಬಾಯಿ ತುಂಬ ಬೈದು ಸುಮ್ಮನಾಗ್ತಿದ್ದೆ. ನೋಡೀನಿ ಅಂತಿ, ಖರೇನೂ ಅಂತಿ. ಈಗ ಏನಂತ ಬೈಲೋ ನಿನಗ?"

ಸಾಬಣ್ಣ ಇನ್ನೊಂದು ಸಲಿಕೆ ಎತ್ತಿಕೊಂಡ. ಅವಳು ಬೇಡವೆನ್ನಲಿಲ್ಲ. ಮೂರು ದಿನ ಇಬ್ಬರೂ ಹೂಳು ತೆಗೆದರು. ಮೂರನೆಯ ದಿನ ಮಧ್ಯಾಹ್ನ ಅವಳು ಎರಡು ರೊಟ್ಟಿ, ಒಂದಿಷ್ಟು ಪುಂಡಿಪಲ್ಯ ತಂದು ಬದುವಿನ ಮೇಲಿಟ್ಟಳು.

"ತಿನ್ನು" ಎಂದಳು. ಮುಖದ ಮೇಲಿನ ಸಿಟ್ಟು ಮಾತ್ರ ಹಾಗೆಯೇ ಇತ್ತು.