ಬಿಚ್ಚದ ಕಟ್ಟು

ವಾರ್ನಿಷ್ ವಾಸನೆಗೆ ಚಿತ್ತಮ್ಮ ಮೂಗಿಗೆ ಸೆರಗು ಹಿಡಿದಳು. ಚಿತ್ರದುರ್ಗದ ತರಬೇತಿ ಶಿಬಿರ, ಎದುರಿಗೆ ನಲವತ್ತು ಜನ ಮೇಷ್ಟ್ರು. ಮೇಜಿನ ಮೇಲೆ ನಿಲ್ಲಿಸಿದ್ದ ಹಲಗೆಯನ್ನು ಅವಳು ಗುರುತು ಹಿಡಿಯಲೇ ಸ್ವಲ್ಪ ಹೊತ್ತು ಬೇಕಾಯಿತು. ಅದರ ಮೇಲಿದ್ದವು ಅವಳು ಪಾಠ ಹೇಳುವ ಮಕ್ಕಳ ಪೊರಕೆ ಕಡ್ಡಿಯ ಕಟ್ಟುಗಳೇ. ಮದಕರಿಪುರದ ಶಾಲೆಯಲ್ಲಿ ಮೂರನೇ ಕ್ಲಾಸಿನವರು ಹತ್ತತ್ತು ಎಣಿಸಿ, ಉಣ್ಣೆ ದಾರದಲ್ಲಿ ಜಾರುಗಂಟು ಹಾಕಿ ಕಟ್ಟಿದ್ದವು. ಪ್ರದರ್ಶನಕ್ಕೆಂದು ಕೇಳಿದಾಗ ನಂಬಿ ಕೊಟ್ಟಿದ್ದಳು. ಈಗ ಅಂಟು ಮೆತ್ತಿ, ಕೆಂಪು ಬಣ್ಣ ಬಳಿದು, ಹಲಗೆಗೆ ಮೊಳೆ ಹೊಡೆದಿದ್ದರು. ಕೆಳಗೊಂದು ಚೀಟಿ: ಪ್ರಥಮ ಬಹುಮಾನ.

“ಹೆಂಗೈತ್ರಿ ಚಿತ್ತಮ್ಮೋರೆ? ನಿಮ್ಮ ಕಸಾನ ನಾಕು ಜನ ನೋಡೋಂಗೆ ಮಾಡಿಸೀನಿ,” ಎಂದ ಶಿಬಿರದ ಸಾಹೇಬ ತಿಮ್ಮರಾಯಪ್ಪ.

“ಇದನ್ನ ಬಿಚ್ಚೋದು ಹೆಂಗ್ರಿ ಸಾರ್?”

“ಬಿಚ್ಚೋದ್ಯಾಕೆ? ಬಿಚ್ಚಿದ್ರೆ ಕಳದೋಗ್ತಾವೆ. ಬರೋ ತಿಂಗ್ಳಿಂದ ಎಲ್ಲಾ ಸ್ಕೂಲಿಗೂ ಇದೇ ಹಲಗೆ. ಬಿಡಿ ಕಡ್ಡಿ ಕಂಡ್ರೆ ಒಲೆಗೆ ಹಾಕಸ್ತೀನಿ.”

ಚಿತ್ತಮ್ಮ ಪಕ್ಕದಲ್ಲಿ ನಿಂತಿದ್ದ ಕಾಳಕ್ಕನನ್ನು ನೋಡಿದಳು. ಮಾದರಿ ಪಾಠಕ್ಕೆಂದು ಬಸ್ಸಿನಲ್ಲಿ ಕರೆತಂದ ಮಗು. ಒಂದು ಸಲ ಮೂರನೇ ಕ್ಲಾಸು ಫೇಲಾಗಿತ್ತು. ನಲವತ್ತೆರಡರಲ್ಲಿ ಹದಿನೇಳು ಕಳೆ ಅಂದರೆ ಮೂವತ್ತೈದು ಅಂತಲೇ ಬರೆಯುತ್ತಿತ್ತು. ಎರಡರಲ್ಲಿ ಏಳು ಹೋಗದಿದ್ದರೆ ಏಳರಲ್ಲಿ ಎರಡು ಕಳೆದುಬಿಡುವುದು. ಈ ಸಲವೂ ಫೇಲಾದರೆ ಕುರಿ ಹಿಂದೆ ಹೋಗಲಿ ಎಂದು ಅಪ್ಪ ಉಗ್ರಪ್ಪ ಹೇಳಿಯಾಗಿತ್ತು. ಹೋದ ವಾರವಷ್ಟೇ ಒಂದು ಕಟ್ಟಿನ ದಾರ ಎಳೆದು, “ಅಕ್ಕೋರೆ, ಇದ್ರೊಳಗೆ ಹತ್ತು ಅವೆ!” ಎಂದು ಕೂಗಿತ್ತು. ಪರೀಕ್ಷೆಗೆ ಇನ್ನು ಎರಡೇ ವಾರ.

ಪಾಠ ಶುರುವಾಯಿತು. ಲೆಕ್ಕ ಅದೇ. ಕಾಳಕ್ಕ ನೇರವಾಗಿ ಹೋಗಿ ಕೆಂಪು ಕಟ್ಟಿನ ದಾರ ಎಳೆದಳು. ಬರಲಿಲ್ಲ. ಉಗುರು ಹಾಕಿದಳು. ಕೊನೆಗೆ ಹಲ್ಲು ಹಾಕಿ, “ಥೂ, ಕಹಿ!” ಎಂದು ಉಗಿದಳು. ಸಭೆಯೆಲ್ಲ ನಕ್ಕಿತು.

ತಿಮ್ಮರಾಯಪ್ಪ ಬಗ್ಗಿ, “ಇಪ್ಪತ್ತೈದು ಅನ್ನು,” ಎಂದು ಪಿಸುಗುಟ್ಟಿದ.

“ಇಪ್ಪತ್ತೈದು.”

ಚಪ್ಪಾಳೆ ಬಿತ್ತು. ಚಿತ್ತಮ್ಮನಿಗೆ ಆ ಚಪ್ಪಾಳೆ ಹಳಸಿದ ಅನ್ನ ಬಾಯಿಗಿಟ್ಟ ಹಾಗಾಯಿತು. ಇದನ್ನೇ ತಾನೆ ನಲವತ್ತು ಜನ ನಲವತ್ತು ಊರಿಗೆ ಹೊತ್ತುಕೊಂಡು ಹೋಗುವುದು?

“ಹೆಂಗೆ ಬಂತು ಕಾಳಕ್ಕ?”

“ಸಾಹೇಬ್ರು ಹೇಳಿದ್ರು, ಅಕ್ಕೋರೆ.”

ಈಗ ಯಾರೂ ನಗಲಿಲ್ಲ. ಚಿತ್ತಮ್ಮ ಬಾಗಿಲ ಹಿಂದಿನ ಪೊರಕೆ ತಂದು ಮೇಜಿನ ಮೇಲೆ ಬಿಚ್ಚಿದಳು.

“ಥೂ ಥೂ! ಹಾಲ್ ಗುಡಿಸೋ ಪೊರಕೆ! ಅಸಹ್ಯ ಕಣ್ರಿ!” ಎಂದ ತಿಮ್ಮರಾಯಪ್ಪ.

“ಇದ್ರ ಧೂಳು ಕೈ ತೊಳದ್ರೆ ಹೋಗ್ತೈತೆ ಸಾರ್.”

ಕಾಳಕ್ಕ ಜಡೆಯ ಉಣ್ಣೆ ದಾರ ಬಿಚ್ಚಿ ಕೊಟ್ಟಳು. ಚಿತ್ತಮ್ಮ ಅದನ್ನು ಹಲ್ಲಿನಲ್ಲಿ ನಾಲ್ಕು ತುಂಡು ಮಾಡಿದಳು. ನಾಲ್ಕು ಕಟ್ಟು, ಎರಡು ಬಿಡಿ. ಮಗು ಒಂದು ಗಂಟು ಎಳೆಯಿತು. ಕಡ್ಡಿ ಚೆಲ್ಲಿ ಬಿಡಿಗಳು ಹನ್ನೆರಡಾದವು. ಕಾಳಕ್ಕ ಏಳು ತೆಗೆದು ಪಕ್ಕಕ್ಕಿಟ್ಟಳು, ಒಂದು ಕಟ್ಟೂ ಇಟ್ಟಳು. ಉಳಿದದ್ದನ್ನು ಎರಡು ಸಲ ಮುಟ್ಟಿ ನೋಡಿದಳು.

“ಇಪ್ಪತ್ತೈದೇ ಐತೆ,” ಎಂದಳು, ತನಗೇ ಆಶ್ಚರ್ಯವಾದಂತೆ. “ಸಾಹೇಬ್ರು ಸರಿಯಾಗೇ ಹೇಳಿದ್ರು!”

ತಿಮ್ಮರಾಯಪ್ಪ ಮೂಗಿಗೆ ಕರವಸ್ತ್ರ ಹಿಡಿದು, “ಊಟಕ್ಕೆ ಏಳ್ರಿ. ಚಿತ್ತಮ್ಮೋರೆ, ಆ ಹಲಗೆ ತಗಂಡ್ಹೋಗಿ ಗೋಡೆಗೆ ತಗಲಾಕ್ರಿ. ಬಂದು ನೋಡ್ತೀನಿ,” ಎಂದು ಹೊರಟ. ಎಲ್ಲರೂ ಹಿಂದೆಯೇ ಹೋದರು, ಹೊಳಲ್ಕೆರೆಯ ಮೂರ್ತಪ್ಪ ಮೇಷ್ಟ್ರೊಬ್ಬರನ್ನು ಬಿಟ್ಟು.

“ಇಪ್ಪತ್ತೆಂಟು ವರ್ಷ, ‘ಪಕ್ಕದ್ರಿಂದ ಒಂದು ತಗೋ’ ಅಂತ ಬಡಬಡದು ಹೇಳೀನಿ. ಆ ಒಂದು ಹತ್ತು ಅಂತ ಯಾವ ಮಗೂಗೂ ತೋರಸ್ಲಿಲ್ಲ ನೋಡಮ್ಮ. ಥೂ ನನ್ನ.”

ಕಾಳಕ್ಕ ಪೊರಕೆಯಿಂದ ಇನ್ನೂ ಹತ್ತು ಕಡ್ಡಿ ತೆಗೆದು ಕಟ್ಟಿ ಅವರ ಕೈಗಿಟ್ಟಳು. “ನೀವೂ ಬಿಚ್ರಿ ಮೇಷ್ಟ್ರೆ. ಹಲ್ಲು ಹಾಕಬ್ಯಾಡ್ರಿ, ಎಳದ್ರೆ ಸಾಕು.”

ಬಸ್ಸಿನಲ್ಲಿ ಹಲಗೆ ಚಿತ್ತಮ್ಮನ ತೊಡೆಯ ಮೇಲಿತ್ತು. ವಾಸನೆ ಸೀರೆಗೂ ಹತ್ತಿತ್ತು. ಹೇಳಿದಂತೆ ಗೋಡೆಗೆ ತಗಲಿಸುವಳು, ಬಂದು ನೋಡಲಿ. ನಲವತ್ತೆರಡು ಕಡ್ಡಿಗಳನ್ನು ಕಾಳಕ್ಕನ ಬಟ್ಟೆ ಚೀಲದೊಳಗೆ ತುರುಕಿದಳು. ಸಾಹೇಬ ಶಾಲೆ ಹುಡುಕಬಹುದು, ಕುರಿಹಟ್ಟಿಯ ಮಗುವಿನ ಚೀಲಕ್ಕೆ ಕೈ ಹಾಕಲು ಅವನಿಗೆ ಹೇಸಿಗೆಯಾದೀತು.

ಕಾಳಕ್ಕ ಹಲ್ಲಿಗೆ ಹತ್ತಿದ ಬಣ್ಣವನ್ನು ಕಿಟಕಿಯಾಚೆ ಇನ್ನೂ ಕೆಂಪಗೆ ಉಗಿಯುತ್ತಿದ್ದಳು.